ಮೇಲಿನ ಬಾವಿ ಮನೆಯ ಭರ್ಜಿ

ಶಮ್ಶಾಬಾದ್

ಮೂವತ್ತೊಂದು ವರ್ಷ ನಾನು ಹೈದರಾಬಾದಿನ ಒಂದು ಮ್ಯೂಸಿಯಮ್ಮಿನಲ್ಲಿ ಕತ್ತಿ, ಕಠಾರಿ, ಗುರಾಣಿಗಳ ತುಕ್ಕು ತೆಗೆದಿದ್ದೇನೆ. ಮನೆಯಲ್ಲಿ ಮಾತ್ರ ಒಂದು ಬದನೆಕಾಯಿಯನ್ನೂ ಹೆಚ್ಚಿದವನಲ್ಲ. ನಿವೃತ್ತನಾದ ಮರುವರ್ಷ ಜರ್ಮನಿಯ ಒಂದು ಸಣ್ಣ ಊರಿನ ಮ್ಯೂಸಿಯಮ್ಮಿನಿಂದ ನಮ್ಮವರಿಗೆ ಪತ್ರ ಬಂತು. ಅವರ ಕಪಾಟಿನಲ್ಲಿ ಒಂದು ದಖನಿ ಕಠಾರಿ ಇದೆ, ಹಿಡಿಯ ಮೇಲಿನ ಬೆಳ್ಳಿ ತಂತಿ ಏಳುತ್ತಿದೆ, ಬಲ್ಲವರು ಯಾರಾದರೂ ಬಂದು ನೋಡುತ್ತೀರಾ ಎಂದು. ಕೆಲಸದಲ್ಲಿದ್ದವರಿಗೆ ರಜೆ ಸಿಗಲಿಲ್ಲ. ನಾನು ಬೀದರಿನವನು, ಬೆಳ್ಳಿ ತಂತಿ ಕೂರಿಸುವುದನ್ನು ಚಿಕ್ಕಂದಿನಿಂದ ಕಂಡವನು, ಮೇಲಾಗಿ ಬೇರೆ ಕೆಲಸವಿಲ್ಲದವನು. ಹೀಗೆ ಆ ಪ್ರಯಾಣ ನನ್ನ ಪಾಲಿಗೆ ಬಂತು.

ಶಮ್ಶಾಬಾದ್ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಕೈಚೀಲ ಹಿಡಿದು ನಿಲ್ಲಿಸಿದರು. ಅದರಲ್ಲಿ ಬೆರಳಿನಷ್ಟು ಉದ್ದದ ಹೆರೆಯುವ ಚಾಕು ಮತ್ತು ಲವಂಗದ ಎಣ್ಣೆಯ ಶೀಶೆ ಇದ್ದವು. ನನ್ನ ಹಿಂದಿ ಕೇಳಿದ ಭದ್ರತೆಯ ಜವಾನ ತಲೆಯೆತ್ತಿ, "ಯಾವೂರು ಕಾಕಾ?" ಎಂದ.

"ಬೀದರ್. ಈಗ ಮಲ್ಕಾಜ್‌ಗಿರಿ."

"ನಂದು ಯಾದಗಿರಿ. ಎಣ್ಣಿ ಒಯ್ರಿ ಕಾಕಾ. ಚಾಕು ಬಿಡಂಗಿಲ್ಲ. ಭಾಳ ಸಣ್ಣದೈತಿ ಖರೆ, ಆದ್ರ ಚಾಕು ಚಾಕುನ."

ಚಾಕುವನ್ನು ಅವನ ಮೇಜಿನ ಮೇಲೆ ಬಿಟ್ಟೆ. ಆಯುಧಗಳ ಊರಿಗೆ ಉಗುರು ಕತ್ತರಿಸುವ ಸಾಮಾನೂ ಇಲ್ಲದೆ ಹೊರಟೆ.

ಮೇಲಿನ ಬಾವಿ ಮನೆ

ಆ ಊರಿನ ಹೆಸರು ಕೊನೆಯವರೆಗೂ ನನ್ನ ನಾಲಿಗೆಯಲ್ಲಿ ಸರಿಯಾಗಿ ಹೊರಳಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ಒಂದು ಗುಡ್ಡ, ಗುಡ್ಡದ ಮೇಲೆ ಗೋಡೆ ಸುತ್ತಿದ ಊರು, ಕೆಳಗೆ ಹೊಳೆ. ನಮ್ಮ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನಲ್ಲಿ ಸಂಜೆ ಆರಕ್ಕೆ ಸೇರುವಷ್ಟು ಜನ ಇಡೀ ಊರಿನಲ್ಲಿ ಇರಲಿಕ್ಕಿಲ್ಲ. ಮನೆಗಳಿಗೆ ನಂಬರೂ ಉಂಟು, ಹೆಸರೂ ಉಂಟು. ನಾನು ಇಳಿದುಕೊಂಡದ್ದು ಮೇಲಿನ ಬಾವಿ ಮನೆಯಲ್ಲಿ. ಬಾವಿ ಮುಚ್ಚಿ ಎಷ್ಟೋ ಕಾಲವಾಗಿದೆ, ಹೆಸರು ಉಳಿದಿದೆ.

ಮನೆಯಲ್ಲಿ ಇಬ್ಬರೇ. ಡೀಟರ್ ಎಪ್ಪತ್ತಾರು ವರ್ಷದವರು, ಮನೆಗಳಿಗೆ ಹಂಚು ಹೊದಿಸುವ ಕಸುಬಿನವರು, ಹೆಂಡತಿ ತೀರಿಕೊಂಡಿದ್ದಾರೆ. ಮಗಳು ಕಾರಿನ್, ನಲವತ್ತೈದರ ಸುಮಾರಿನವಳು, ಅಪ್ಪನ ಕಸುಬನ್ನೇ ಮಾಡುತ್ತಾಳೆ. ವಾರಕ್ಕೆರಡು ದಿನ ಮ್ಯೂಸಿಯಮ್ಮಿನ ಕೀಲಿ ಅವಳ ಹತ್ತಿರ. ಊರಿನ ಅಗ್ನಿಶಾಮಕ ದಳದಲ್ಲೂ ಇದ್ದಾಳೆ. ಅದು ಅಲ್ಲಿ ಸಂಬಳದ ನೌಕರಿಯಲ್ಲ, ಊರವರೇ ಸೇರಿ ಮಾಡುವ ಕೆಲಸ. ಅಪ್ಪ ಮಗಳು ನನ್ನೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಮೂವರ ಇಂಗ್ಲಿಷೂ ಅಷ್ಟಕ್ಕಷ್ಟೇ. ಅವರ ಮಾತು ನನ್ನ ತಲೆಯೊಳಗೆ ನಮ್ಮ ಮನೆಯ ಕನ್ನಡವಾಗಿಯೇ ಇಳಿದಿದೆ, ಇಲ್ಲಿ ಹಾಗೆಯೇ ಬರೆಯುತ್ತೇನೆ.

ಮೊದಲ ಬೆಳಿಗ್ಗೆಯೇ ಒಂದು ಅವಾಂತರ. ಕೋಣೆಯ ಕಿಟಕಿ ತೆರೆಯೋಣವೆಂದು ಹಿಡಿ ತಿರುಗಿಸಿದೆ. ಕಿಟಕಿಯ ಇಡೀ ಬಾಗಿಲು ಮೇಲಿನಿಂದ ಕಳಚಿ ನನ್ನ ಮೈಮೇಲೆ ಬಂತು. ಎರಡೂ ಕೈಯಿಂದ ಅದನ್ನು ಆತು ಹಿಡಿದು, ಬಂದ ಮೊದಲ ದಿನವೇ ಮನೆ ಮುರಿದೆನಲ್ಲಪ್ಪಾ ಎಂದು ಹತ್ತು ನಿಮಿಷ ನಿಂತಿದ್ದೆ. ಡೀಟರ್ ಬಂದು ನೋಡಿದರು. "ಕೈ ಬಿಡ್ರಿ," ಎಂದರು. ಬಿಟ್ಟೆ. ಕಿಟಕಿ ಬೀಳಲಿಲ್ಲ. ಅಲ್ಲಿಯ ಕಿಟಕಿಗಳು ಗಾಳಿಗೆಂದು ಹಾಗೆ ಅರ್ಧ ವಾಲಿಕೊಂಡೇ ನಿಲ್ಲುತ್ತವಂತೆ. ಅವರು ನಗಲಿಲ್ಲ, ಹೋಗಿ ಮೊಟ್ಟೆ ಬೇಯಿಸಿದರು.

ಊಟದ ಮೇಜಿನಲ್ಲಿ ನಾನು ಶೇಂಗಾ ಚಟ್ನಿಯ ಡಬ್ಬಿ ತೆಗೆದೆ. ಡೀಟರ್ ಅದನ್ನು ಬೆಣ್ಣೆ ಸವರಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡು ತಿಂದರು. ಚಮಚ ಬ್ರೆಡ್ಡಿಗೆ ಹೋಗುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಅವರ ಬಲಗೈ ನಡುಗುತ್ತದೆ ಎಂದು ಆಗ ಕಂಡೆ. ಕಾರಿನ್ ನೋಡಿಯೂ ನೋಡದವಳಂತೆ ಕಾಫಿ ಬಗ್ಗಿಸಿದಳು. ನಾನೂ ಹಾಗೆಯೇ ಮಾಡಿದೆ.

ಪಡಸಾಲೆಯ ಗೋಡೆಗೆ ಒಂದು ಆಯುಧ ತೂಗುಹಾಕಿತ್ತು. ಆಳಿಗಿಂತ ಎತ್ತರದ ಕೋಲು, ತುದಿಗೆ ಭರ್ಜಿಯ ಮೊನೆ, ಅದರ ಕೆಳಗೆ ಕೊಡಲಿ, ಕೊಡಲಿಯ ಬೆನ್ನಿಗೆ ಕೊಕ್ಕೆ. ಚುಚ್ಚಲಿಕ್ಕೆ, ಕಡಿಯಲಿಕ್ಕೆ, ಕುದುರೆಯ ಮೇಲಿದ್ದವನನ್ನು ಎಳೆದು ಕೆಡವಲಿಕ್ಕೆ, ಮೂರಕ್ಕೂ ಒಂದೇ ಸಾಮಾನು. ಕಬ್ಬಿಣದ ಮೇಲೆ ತುಕ್ಕಿನ ಚುಕ್ಕೆಯೂ ಇರಲಿಲ್ಲ. ಕಸುಬಿನವನಾಗಿ ಹೇಳುತ್ತೇನೆ, ಅಷ್ಟು ಚೊಕ್ಕವಾಗಿ ಇಟ್ಟ ಆಯುಧವನ್ನು ನಾನು ಮನೆಗಳಲ್ಲಿ ಕಂಡದ್ದು ಕಡಿಮೆ.

"ಇದು ಯಾರದು?" ಎಂದು ಕೇಳಿದೆ.

"ಮನೀದು," ಎಂದರು ಡೀಟರ್. "ನಂದಲ್ಲ. ನಾ ಹಿಡಿಯಾವ ಅಷ್ಟ."

ಮ್ಯೂಸಿಯಂ

ಕಠಾರಿಯ ಕೆಲಸ ನಾನೆಣಿಸಿದಷ್ಟು ಕಷ್ಟವಿರಲಿಲ್ಲ. ಆದ್ದರಿಂದ ಮಧ್ಯಾಹ್ನಗಳು ಬಿಡುವಾಗಿದ್ದವು. ಕಾರಿನ್ ನನಗೆ ಊರಿನ ಹಳೆಯ ದಫ್ತರ ತೋರಿಸಿ, ಬೆರಳಿಟ್ಟು ಓದಿ ಹೇಳುತ್ತಿದ್ದಳು.

ನಾನೂರು ವರ್ಷದ ಹಿಂದೆ ಈ ಊರನ್ನು ಕಾಯಲು ಯಾವ ದೊರೆಯ ದಂಡೂ ಇರಲಿಲ್ಲ. ಮನೆಗೊಬ್ಬ ಗಂಡಸು ಪಾಳಿಯ ಮೇಲೆ ಗೋಡೆ ಕಾಯಬೇಕು. ರೊಟ್ಟಿ ಸುಡುವವನು, ಚರ್ಮ ಹದ ಮಾಡುವವನು, ದರ್ಜಿ, ಯಾರಿಗೂ ವಿನಾಯಿತಿಯಿಲ್ಲ. ಆಯುಧ ಸ್ವಂತದ್ದೇ ಆಗಬೇಕು. ಊರಿನ ನಾಗರಿಕನೆಂದು ಪ್ರಮಾಣ ಮಾಡಲು ಬಂದವನು ಮೊದಲು ಆಯುಧ ತೋರಿಸಬೇಕು. ವರ್ಷಕ್ಕೊಮ್ಮೆ ಊರಿನ ಕ್ಯಾಪ್ಟನ್ ಮನೆಮನೆಗೆ ಬಂದು ತಪಾಸಣೆ ಮಾಡುತ್ತಿದ್ದ, ತುಕ್ಕು ಕಂಡರೆ ದಂಡ. ಆ ಕಾಲದಲ್ಲಿ ಹುಟ್ಟಿದ್ದರೆ ನನಗೆ ಕೈತುಂಬ ಕೆಲಸ ಸಿಗುತ್ತಿತ್ತು.

ಬೀದಿಯಲ್ಲಿ ನಡೆಯುವಾಗ ಸೊಂಟದಲ್ಲಿ ಕತ್ತಿ ಇದ್ದವನೇ ಮರ್ಯಾದಸ್ಥ. ಕುಡಿದು ದಾಂಧಲೆ ಮಾಡಿದವನಿಗೆ ಒಂದು ಶಿಕ್ಷೆಯಿತ್ತು. ಇನ್ನು ಮೇಲೆ ಕತ್ತಿ ಕಟ್ಟಕೂಡದು, ಮೊನೆ ಮುರಿದ ರೊಟ್ಟಿ ಚಾಕು ಮಾತ್ರ ಇಟ್ಟುಕೊಳ್ಳಬಹುದು. ಒಬ್ಬ ಚಮ್ಮಾರ ಇದಕ್ಕಿಂತ ಸೆರೆಮನೆಯೇ ಮೇಲು ಎಂದು ಅರ್ಜಿ ಹಾಕಿಕೊಂಡಿದ್ದ. ಜಗಳದಲ್ಲಿ ಕತ್ತಿ ಹಿರಿದರೆ ದಂಡ. ಬೈಸಿಕೊಂಡೂ ಹಿರಿಯದಿದ್ದರೆ ಜೊತೆಯವರು ಮೂಸಿ ನೋಡುತ್ತಿರಲಿಲ್ಲ. ಈ ಎರಡರ ನಡುವೆ ಆ ಗಂಡಸರು ಹೇಗೆ ಬದುಕಿದರೋ, ಶಿವನೇ ಬಲ್ಲ.

ನಮ್ಮಲ್ಲಿ ಲೆಕ್ಕ ಉಲ್ಟಾ. ಚುನಾವಣೆ ಬಂತೆಂದರೆ ಲೈಸೆನ್ಸಿನ ಬಂದೂಕನ್ನು ಠಾಣೆಗೆ ಒಪ್ಪಿಸಿ ಬಂದವನು ಒಳ್ಳೆಯ ನಾಗರಿಕ. ಮದುವೆಯ ಬರಾತ್ ಮೆರವಣಿಗೆಯಲ್ಲಿ ಹಳೇ ಶಹರದ ಹುಡುಗರು ಮರ್ಫಾ ಡೋಲಿನ ಬಡಿತಕ್ಕೆ ಕತ್ತಿ ತಿರುವುತ್ತ ಕುಣಿಯುತ್ತಾರೆ, ಮರುದಿನ ಅದರ ವಿಡಿಯೋ ನೋಡಿ ಪೊಲೀಸರು ಮನೆಗೆ ಬರುತ್ತಾರೆ. ಮಲ್ಕಾಜ್‌ಗಿರಿಯ ನಮ್ಮ ಕಾಲೊನಿಯಲ್ಲಿ ಕಳ್ಳತನ ಹೆಚ್ಚಾದಾಗ ಮನೆಗೊಬ್ಬರು ಗಸ್ತು ತಿರುಗಬೇಕೆಂದು ಸಭೆಯಲ್ಲಿ ಠರಾವಾಯಿತು. ಮೂರನೆಯ ದಿನಕ್ಕೆ ಎಲ್ಲರೂ ಕೂಡಿ ಒಬ್ಬ ವಾಚ್‌ಮನ್ ಇಟ್ಟೆವು. ಅವನೂ ಯಾದಗಿರಿ ಕಡೆಯವನು, ಕೈಯಲ್ಲಿ ಒಂದು ಲಾಠಿ, ಒಂದು ಸೀಟಿ.

ದಫ್ತರದಲ್ಲಿ ಕೆಲವು ಮನೆಗಳ ಮುಂದೆ ಹೆಂಗಸರ ಹೆಸರಿತ್ತು. ಗಂಡ ಸತ್ತ ಮೇಲೂ ಮನೆಯ ಪಾಳಿ ತಪ್ಪುತ್ತಿರಲಿಲ್ಲ. ವಿಧವೆ ಆಯುಧವನ್ನು ಉಜ್ಜಿ ಇಟ್ಟುಕೊಂಡು, ತನ್ನ ಬದಲಿಗೆ ಮನೆಯಲ್ಲಿ ಉಣ್ಣುವ ಒಬ್ಬರನ್ನು ಕಳಿಸಬೇಕು. ಊರಲ್ಲಿಲ್ಲದ ಗಂಡಸರೂ ಹಾಗೆಯೇ ಬದಲಿ ಕೊಡುತ್ತಿದ್ದರು.

"ಅಂದ್ರ ಉಜ್ಜೂದು ಅಕಿ, ಹಿಡಿಯೂದು ಮತ್ತೊಬ್ಬ," ಎಂದೆ.

"ಈಗೂ ಹಂಗ ಐತಿ," ಎಂದಳು ಕಾರಿನ್. "ನಮ್ಮನೀ ಭರ್ಜಿ ಯಾರು ಉಜ್ಜತಾರ ಅಂತ ತಿಳದೀರಿ?"

ಆಮೇಲೆ ಅವಳೇ ಹೇಳಿದಳು. ಗೋಡೆ ಕಾಯುವ ಕಾಲ ಹೋಗಿ ಎಷ್ಟೋ ತಲೆಮಾರಾದರೂ ತಪಾಸಣೆ ಮಾತ್ರ ಊರಿನಲ್ಲಿ ಉಳಿದಿದೆ. ಬರುವ ಭಾನುವಾರವೇ ಅದು. ತಮಟೆಯೊಡನೆ ಕ್ಯಾಪ್ಟನ್ ಬರುತ್ತಾನೆ, ಮನೆಯ ಹೆಸರು ಕೂಗುತ್ತಾನೆ, ಯಜಮಾನ ಬಾಗಿಲಲ್ಲಿ ಆಯುಧ ಹಿಡಿದು ನಿಂತು ಓಗೊಡಬೇಕು. ಓಗೊಡುವವರಿಲ್ಲದ ಮನೆಯ ಹೆಸರು ಪುಸ್ತಕದಿಂದ ಹೋಗುತ್ತದೆ, ಆಯುಧ ಮ್ಯೂಸಿಯಮ್ಮಿಗೆ ಬರುತ್ತದೆ. ಹೆಂಗಸು ಬಾಗಿಲಲ್ಲಿ ನಿಂತದ್ದು ಈವರೆಗೆ ಇಲ್ಲ. ಕಳೆದ ವರ್ಷ ಡೀಟರ್ ಎರಡೂ ಕೈಯಲ್ಲಿ ಹಿಡಿದು ಹೇಗೋ ನಿಂತಿದ್ದರು. ಈ ವರ್ಷ ಆ ಕೈಗಳಿಂದ ಅದು ಆಗದ ಕೆಲಸ.

"ನಾ ನಿಂದರ್ತೀನಿ ಅಂತ ಕೇಳಿದೆ. ಕ್ಯಾಪ್ಟನ್ ಆಗೂದಿಲ್ಲ ಅಂದಿದ್ರ ಜಗಳಾ ಮಾಡ್ತಿದ್ದೆ. ಅಪ್ಪನ ಬ್ಯಾಡಂದ. ಮ್ಯೂಸಿಯಮ್ಮಿಗೆ ಹೋಗಲಿ, ಆದ್ರ ನಿನ್ನ ಕೈಗೆ ಕೊಡಂಗಿಲ್ಲ ಅಂದ." ಅವಳು ದಫ್ತರ ಮುಚ್ಚಿದಳು. "ಯಾರದರ ಮನಿಗೆ ಬೆಂಕಿ ಹತ್ತಿದ್ರ ಮಾಡಿನ ಮ್ಯಾಲೆ ಹತ್ತಾಕಿ ನಾನು. ಅದಕ್ಕ ಬ್ಯಾಡನ್ನಲಿಲ್ಲ."

ನಾನು ಹೂಂ ಎಂದೆ. ನಿಜ ಹೇಳಬೇಕೆಂದರೆ, ಆಗ ನನ್ನ ಮನಸ್ಸು ಡೀಟರ್ ಕಡೆಗೇ ಇತ್ತು. ಆಯುಧ ಗಂಡಸಿನದು ಎಂಬ ಮಾತು ನನ್ನ ಕಿವಿಗೆ ವಿಚಿತ್ರವಾಗಿ ಕೇಳಿರಲಿಲ್ಲ.

ಫೋನು

ಮರುದಿನ ಬೆಳಿಗ್ಗೆ ಮನೆಗೆ ಫೋನು ಮಾಡಿ ಹೆಂಡತಿ ಶಾಂತಾಳಿಗೆ ಇದನ್ನೆಲ್ಲ ಹೇಳಿದೆ. ಅಲ್ಲಿ ಊಟದ ಹೊತ್ತು, ಕುಕ್ಕರ್ ಕೂಗುತ್ತಿತ್ತು.

"ಮುದುಕಗ ಮರ್ಯಾದಿ ಪ್ರಶ್ನಾ ಅದು. ಅಕಿ ತಿಳಕೋಬೇಕು," ಎಂದೆ.

"ಏನ್ ತಿಳಕೋಬೇಕ್ರಿ? ವಿಜಿ ಕಾಲೇಜಿನಾಗಿದ್ದಾಗ ಅಪ್ಪಾ ನಿನ್ನ ಕೆಲಸ ಕಲಿಸು ಅಂದಿದ್ಲು. ಕತ್ತಿ ಉಜ್ಜೂದು ಹೆಣ್ಮಕ್ಕಳ ಕೆಲಸ ಅಲ್ಲ ಅಂತ ಅಂದವರು ಯಾರು?"

"ಆವಾಗಿನ ಮಾತು ಬ್ಯಾರೆ."

"ಏನ್ ಬ್ಯಾರೆ? ಈಗ ಅಕಿ ಬ್ಯಾಂಕಿನಾಗ ಕುಂತು ಮಂದಿ ಸಹಿ ನೋಡ್ತಾಳ. ನಿಮ್ಮ ವಿದ್ಯಾ ನಿಮ್ಮ ಕೂಡಾನ ಹೋಗ್ತದ. ಅಲ್ಲಿ ಹೋಗಿ ಪಂಚಾಯ್ತಿ ಮಾಡಬ್ಯಾಡ್ರಿ, ಸುಮ್ನ ಕೆಲಸ ಮುಗಿಸಿ ಬರ್ರಿ."

ಮಗಳ ವಿಷಯ ಬಂದಾಗ ಶಾಂತಾಳ ಎದುರು ನಾನು ಗೆದ್ದದ್ದಿಲ್ಲ. ಫೋನಿಟ್ಟು ಮ್ಯೂಸಿಯಮ್ಮಿಗೆ ನಡೆದೆ. ದಾರಿಯಲ್ಲಿ ಒಂದು ಕೆಂಪು ದೀಪದ ಮುಂದೆ ನಾಲ್ಕು ಜನ ನಿಂತಿದ್ದರು. ಎರಡೂ ಕಡೆ ಒಂದು ಸೈಕಲ್ಲೂ ಬರುತ್ತಿರಲಿಲ್ಲ. ನಾನು ಅಬಿಡ್ಸ್ ಚೌಕದ ರೂಢಿಯಲ್ಲಿ ಕೈ ಅಡ್ಡ ಹಿಡಿದು ದಾಟಿಬಿಟ್ಟೆ. ಹಿಂದಿನಿಂದ ಒಬ್ಬ ಅಜ್ಜಿ ಏನೋ ಗಟ್ಟಿಯಾಗಿ ಅಂದಳು. ಬೈಗುಳಕ್ಕೆ ಭಾಷಾಂತರ ಬೇಕಿರಲಿಲ್ಲ.

ಭಾನುವಾರ

ಭಾನುವಾರ ಬೆಳಿಗ್ಗೆ ಡೀಟರ್ ಕಪ್ಪು ಕೋಟು ತೊಟ್ಟರು. ಹಿತ್ತಾಳೆಯ ಗುಂಡಿಗಳ ಹಳೆಯ ಕೋಟು ಅದು. ನಿಲ್ಲಲು ಆಗುವುದಿಲ್ಲವೆಂದು ಅವರಿಗೂ ಗೊತ್ತು. ಆದರೂ ಕೊನೆಯ ಸಲ ಒಮ್ಮೆ ನಿಂತು ನೋಡಿಯೇ ಬಿಡುತ್ತೇನೆಂದು ಹಟ. ನನಗೆ, "ನೀವು ನನ್ನ ಬಾಜೂಕ ನಿಂದರ್ರಿ," ಎಂದರು. ಅತಿಥಿಗೆ ಮಾಡುವ ಮರ್ಯಾದೆ ಎಂದುಕೊಂಡೆ. ಬಿದ್ದರೆ ಹಿಡಿಯಲಿಕ್ಕೆ ಎಂದು ಆಮೇಲೆ ತಿಳಿಯಿತು.

ಪದ್ಧತಿಯ ಪ್ರಕಾರ ಯಜಮಾನ ಬಾಗಿಲ ಮೆಟ್ಟಿಲ ಮೇಲೆ ನಿಲ್ಲುತ್ತಾನೆ, ಮನೆಯ ಹೆಂಗಸರು ಬೀದಿಯ ಆಚೆ ದಂಡೆಗೆ ನಿಂತು ನೋಡುತ್ತಾರೆ. ಕಾರಿನ್ ಅಲ್ಲಿ ಕೈ ಕಟ್ಟಿ ನಿಂತಿದ್ದಳು. ಬೀದಿಯುದ್ದಕ್ಕೂ ಬಾಗಿಲು ಬಾಗಿಲಿಗೆ ಒಬ್ಬೊಬ್ಬ ಗಂಡಸು. ಔಷಧಿ ಅಂಗಡಿಯವನ ಕೈಯಲ್ಲಿ ಕತ್ತಿ, ಕನ್ನಡಕದ ಮೇಷ್ಟರ ಕೈಯಲ್ಲಿ ಈಟಿ. ಯಾರ ಮುಖದಲ್ಲೂ ನಗುವಿಲ್ಲ. ನನಗೆ ನಗು ತಡೆಯುವುದೇ ಒಂದು ಕೆಲಸವಾಯಿತು.

ತಮಟೆಯ ಸದ್ದು ಹತ್ತಿರ ಬಂದಂತೆ ಡೀಟರ್ ಕೈ ನಡುಕ ಹೆಚ್ಚಾಯಿತು. ಭರ್ಜಿಯ ಕೋಲಿನ ಬುಡ ಮೆಟ್ಟಿಲ ಕಲ್ಲಿಗೆ ಟಕಟಕ ಬಡಿಯುತ್ತಿತ್ತು. ಅಷ್ಟರಲ್ಲಿ ಅವರು ತಮ್ಮ ಕೋಟಿನ ಕೆಳಗಿನ ಗುಂಡಿ ಬಿಚ್ಚಿಹೋಗಿದ್ದನ್ನು ಕಂಡರು. ಗುಂಡಿ ಹಾಕದೆ ನಿಲ್ಲುವ ಹಾಗಿಲ್ಲ, ಕೋಲು ಬಿಡದೆ ಗುಂಡಿ ಹಾಕುವ ಹಾಗಿಲ್ಲ. ಕಾರಿನ್ ಅದನ್ನು ಕಂಡು ಬೀದಿ ದಾಟಿ ಬಂದು ಭರ್ಜಿಗೆ ಕೈ ಚಾಚಿದಳು. ಡೀಟರ್ ಅವಳನ್ನು ನೋಡಿದರು. ಆಮೇಲೆ ಪಕ್ಕಕ್ಕೆ ತಿರುಗಿ ಭರ್ಜಿಯನ್ನು ನನ್ನ ಕೈಗೆ ಕೊಟ್ಟರು.

ಅವಳ ಕೈ ಹಾಗೆಯೇ ಸ್ವಲ್ಪ ಹೊತ್ತು ಗಾಳಿಯಲ್ಲಿತ್ತು. ಆ ಹೊತ್ತಿನಲ್ಲಿ ನನಗೆ ಆ ಮುದುಕನ ಮೇಲೆ ಸಿಟ್ಟು ಬಂತು, ನನ್ನ ಮೇಲೆ ಇನ್ನೂ ಹೆಚ್ಚು ಬಂತು. ಎದುರಿಗಿದ್ದವಳು ಕಾರಿನ್ ಆದರೂ ನನ್ನ ಕಣ್ಣಿಗೆ ವಿಜಿಯೇ ಕಂಡಳು. ಕಾರಿನ್ ಆಚೆ ದಂಡೆಗೆ ಮರಳಿದಳು.

ತಮಟೆ ನಿಂತಿತು. ಕ್ಯಾಪ್ಟನ್ ನಮ್ಮ ಮುಂದೆಯೇ ಇದ್ದ. ಯುರ್ಗನ್ ಎಂದು ಹೆಸರು, ಉಳಿದ ದಿನ ಕನ್ನಡಕ ಮಾರುವವನು. ಪುಸ್ತಕ ನೋಡಿ, ಕತ್ತೆತ್ತದೆ, ಗಟ್ಟಿಯಾಗಿ ಮನೆಯ ಹೆಸರು ಕೂಗಿದ.

"ಹಾಜರ್!" ಎಂದೆ ನಾನು.

ಯಾಕೆ ಅಂದೆ? ನಮ್ಮ ಮ್ಯೂಸಿಯಮ್ಮಿನಲ್ಲಿ ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ವಿಭಾಗದ ಹೆಸರು ಕೂಗಿ ಹಾಜರಿ ತೆಗೆದಿದ್ದಾರೆ. ಪಕ್ಕದವನು ಚಹಾಕ್ಕೆ ಹೋಗಿದ್ದರೆ, ಕೀಲಿ ಯಾರ ಕೈಯಲ್ಲಿದೆಯೋ ಅವನು ಹಾಜರ್ ಅನ್ನಬೇಕು. ಅನ್ನದವನು ದೋಸ್ತನೇ ಅಲ್ಲ. ಡೀಟರ್ ಗುಂಡಿಯಲ್ಲಿ ಸಿಕ್ಕಿಕೊಂಡಿದ್ದಾರೆ, ಸಾಮಾನು ನನ್ನ ಕೈಯಲ್ಲಿದೆ, ಹೆಸರು ಕೂಗಿದ್ದಾರೆ. ಬಾಯಿ ತಾನಾಗಿಯೇ ತೆರೆಯಿತು.

ಕ್ಯಾಪ್ಟನ್ ಕತ್ತೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಆಮೇಲೆ ಡೀಟರ್ ಕಡೆ ತಿರುಗಿ ಏನೋ ಕೇಳಿದ. ಕಾರಿನ್ ಆಚೆಯಿಂದ ನನಗೆ ತಿಳಿಸಿದಳು. "ಈ ಮನ್ಯಾಗ ಉಣ್ತಾನೇನು ಅಂತ ಕೇಳಾಕತ್ತಾನ."

ಡೀಟರ್ ಇಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವರು ಸುಳ್ಳು ಹೇಳುವ ಜಾತಿಯವರಲ್ಲ. "ಹೂಂ," ಎಂದರು. "ಎಂಟು ದಿನದಿಂದ."

ಕ್ಯಾಪ್ಟನ್ ಪೆನ್ನು ತೆಗೆದು ಇಂಗ್ಲಿಷಿನಲ್ಲಿ ನನ್ನ ಹೆಸರು ಕೇಳಿದ. ಪಾಟೀಲ್ ಎಂದೆ. ಬರೆದುಕೊಂಡ. ಆಚೆ ದಂಡೆಯಿಂದ ಯಾರೋ ಚಪ್ಪಾಳೆ ಹೊಡೆದರು. ನಾನು, "ತಪ್ಪಾತ್ರೀ, ಹೊಡದ ಹಾಕ್ರಿ ಅದನ್ನ," ಎಂದು ಗೋಗರೆದೆ. ಪುಸ್ತಕದಲ್ಲಿ ಬರೆದದ್ದನ್ನು ಹೊಡೆದುಹಾಕುವ ಪದ್ಧತಿ ಇಲ್ಲ ಎಂದ. ಬಾಗಿಲಲ್ಲಿ ಆಯುಧ ಹಿಡಿದು ಓಗೊಟ್ಟವನೇ ಈ ವರ್ಷದ ಆಳು, ಮನೆ ಪುಸ್ತಕದಲ್ಲಿ ಉಳಿಯಿತು, ಸಂತೋಷಪಡಿ ಎಂದ. ಡೀಟರ್ ಸಂತೋಷಪಡಲಿಲ್ಲ. ಅವರ ಕೊನೆಯ ಕರೆಗೆ ನಾನು ಓಗೊಟ್ಟಿದ್ದೆ. ನೆಲ ಬಾಯಿ ಬಿಡಬಾರದೇ ಎನಿಸಿತು.

"ನಾ ನಾಡಿದ್ದು ಹೈದರಾಬಾದಿಗೆ ಹೋಗಾವ," ಎಂದೆ.

ಕ್ಯಾಪ್ಟನ್ ತಲೆಯಾಡಿಸಿದ. ಊರಲ್ಲಿಲ್ಲದ ಆಳು ಬದಲಿ ಕೊಡಬಹುದು. ಅದೇ ಮನೆಯಲ್ಲಿ ಉಣ್ಣುವವರಾಗಿರಬೇಕು, ತಮಟೆ ಮುಂದಕ್ಕೆ ಹೋಗುವ ಮೊದಲು ಹೇಳಬೇಕು. ಬರೆಸಿಕೊಂಡ ಆಳನ್ನೇ ಮತ್ತೆ ಬರೆಯುವ ಹಾಗಿಲ್ಲ, ನಿಲ್ಲಲಾಗದವರನ್ನೂ ಬರೆಯುವ ಹಾಗಿಲ್ಲ. ಇಷ್ಟು ಹೇಳಿ ಪೆನ್ನು ಹಿಡಿದು ನಿಂತ.

ಆ ಮನೆಯಲ್ಲಿ ಉಣ್ಣುವವರು ಮೂವರು. ಒಬ್ಬ ನಾನು. ಇನ್ನೊಬ್ಬರ ಕೈ ಆಗಲೂ ನಡುಗುತ್ತಿತ್ತು. ಉಳಿದವಳು ಬೀದಿಯ ಆಚೆ ನಿಂತು ನನ್ನನ್ನೇ ನೋಡುತ್ತಿದ್ದಳು. ಹೆಸರು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರ ಮನೆಯ ಕರೆಯನ್ನು ಆಗಲೇ ಒಮ್ಮೆ ಕಸಿದುಕೊಂಡವನು ನಾನು. ಬದಲಿಯ ಹೆಸರನ್ನೂ ನಾನೇ ಹೇಳುವುದು ಸರಿಯಲ್ಲ.

"ನಾ ಹೊರಗಿನಾಂವ," ಎಂದು ಡೀಟರ್‌ಗೆ ಹೇಳಿದೆ. "ಹೆಸರು ನೀವು ಹೇಳ್ರಿ. ನನಗೂ ಒಬ್ಬ ಮಗಳದಾಳ. ಅಕಿ ಕೇಳಿದಾಗ ನಾ ಒಲ್ಲೆ ಅಂದೆ. ಅದು ತಪ್ಪಾತು."

ತಮಟೆಯವನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಅಕಿ ಎಡಗೈಯಾಕಿ," ಎಂದರು ಡೀಟರ್, ಕೊನೆಗೆ.

"ಯಾವ ಕೈಯಂತ ಪುಸ್ತಕದಾಗಿಲ್ಲ," ಎಂದು ಕ್ಯಾಪ್ಟನ್ ಅವಳ ಹೆಸರು ಬರೆದುಕೊಂಡ.

ಡೀಟರ್ ನನ್ನ ಕೈಯಿಂದ ಭರ್ಜಿ ತೆಗೆದುಕೊಂಡರು. ಕಾರಿನ್ ಬೀದಿ ದಾಟಿ ಬಂದಳು. ಅವರು ಅದನ್ನು ಅವಳ ಎಡಗೈಗೆ ಇಟ್ಟರು. ಆದರೆ ಬಿಡಲಿಲ್ಲ. ಅವಳ ಹೆಬ್ಬೆರಳನ್ನು ಮೇಲಕ್ಕೆ ಸರಿಸಿದರು, ಮೊಣಕೈಯನ್ನು ಒಳಕ್ಕೆ ಒತ್ತಿದರು, ಕೋಲಿನ ಬುಡವನ್ನು ಅವಳ ಬೂಟಿನ ಹೊರಗಡೆಗೆ ತಂದರು. ಅವರ ಕೈ ಅವಳ ಕೈಮೇಲೆ ಇರುವಷ್ಟು ಹೊತ್ತೂ ಮೇಲೆ ಮೊನೆ ಅಲ್ಲಾಡುತ್ತಿತ್ತು. ಅವರು ಕೈ ತೆಗೆದರು. ಮೊನೆ ಅಲ್ಲಾಡುವುದು ನಿಂತಿತು.

ಡೀಟರ್ ತಲೆಯೆತ್ತಿ ಅದನ್ನು ನೋಡಿದರು. ಕೋಟಿನ ಗುಂಡಿ ಇನ್ನೂ ಬಿಚ್ಚಿಯೇ ಇತ್ತು. ಒಂದೊಂದೇ ಮೆಟ್ಟಿಲಿಳಿದು, ಬೀದಿ ದಾಟಿ, ಆಚೆ ದಂಡೆಯ ಹೆಂಗಸರ ಸಾಲಿನಲ್ಲಿ ಹೋಗಿ ನಿಂತರು.

"ಮತ್ತೊಮ್ಮೆ ಕೂಗು," ಎಂದು ಅಲ್ಲಿಂದ ಕ್ಯಾಪ್ಟನ್‌ಗೆ ಹೇಳಿದರು.